ಎಣ್ಣೆವ್ವನ ಮೈಮೇಲಿನ ಅಕ್ಷರಗಳು

ಹೋದ ತಿಂಗಳು ನಂಟರ ಮನೆಯ ಮದುವೆಗೆಂದು ಅಫಜಲಪುರಕ್ಕೆ ಹೋಗಿದ್ದೆ. ಊಟ ಮುಗಿಸಿ ಬಸ್ ಸ್ಟ್ಯಾಂಡಿನ ಕಡೆ ನಡೆದು ಬರುವಾಗ ಒಂದು ಸಣ್ಣ ಅಂಗಡಿಯ ಮುಂದೆ ಯಾರೋ ಆಗತಾನೇ ಹಿಂಡಿದ ಕುಸುಬಿ ಎಣ್ಣೆಯನ್ನು ದೊಡ್ಡ ಡಬ್ಬಿಯಿಂದ ಸಣ್ಣ ಡಬ್ಬಿಗೆ ಸುರಿಯುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕಾಲು ಅಲ್ಲೇ ನಿಂತಿತು.

ಜೊತೆಗಿದ್ದ ತಂಗಿ, "ಯಾಕಕ್ಕ, ಎಣ್ಣಿ ತಗೋಬೇಕೇನು?" ಅಂದಳು.

"ಇಲ್ಲವಾ, ಸುಮ್ನ ನಿಂತೇನಿ."

ಹೇಗೆ ಹೇಳಲಿ ಅವಳಿಗೆ? ಕುಸುಬಿ ಎಣ್ಣೆಯ ಹಸಿ ವಾಸನೆ ಬಂದರೆ ಬೇರೆಯವರಿಗೆ ಒಗ್ಗರಣೆ ನೆನಪಾಗಬಹುದು. ನನಗೆ ನೆನಪಾಗುವುದು ಎದೆಮಟ್ಟದ ಒಂದು ಕರಿ ಕಲ್ಲು, ಒದ್ದೆ ಕಾಗದ, ಕೈತುಂಬ ಮಸಿ, ಮತ್ತು ನನ್ನ ಇಪ್ಪತ್ತೆರಡನೆಯ ವಯಸ್ಸಿನ ಒಂದು ಚಳಿಗಾಲ.

ಎಂಬತ್ತರ ದಶಕದ ನಡುವಿನ ವರ್ಷ ಅದು. ನಾನು ವಿಶ್ವವಿದ್ಯಾಲಯದಲ್ಲಿ ಇತಿಹಾಸದ ಎಂ.ಎ. ಎರಡನೆಯ ವರ್ಷ ಓದುತ್ತಿದ್ದೆ. ನಮ್ಮೂರು ಜೇವರ್ಗಿ. ಅಪ್ಪನದು ಸಂತೆಯ ಬದಿಗೆ ಒಂದು ಕಾಳಿನ ಅಂಗಡಿ. ಮಗಳು ಇತಿಹಾಸ ಯಾಕೆ ಓದುತ್ತಾಳೆ ಎಂದು ಯಾರಾದರೂ ಕೇಳಿದರೆ, "ನಮ್ಮ ಅಜ್ಜ ಮುತ್ತ್ಯಾರದು ನಾನ ಹೇಳ್ತಿದ್ದೆ, ಅದನ್ನ ಕೇಳಾಕ ಅಷ್ಟು ದೂರ ಹೋಗ್ಯಾಳ ನೋಡ್ರಿ" ಎಂದು ನಗುತ್ತಿದ್ದರು. ಹಾಸ್ಟೆಲಿನಲ್ಲಿ ನನ್ನ ಕೋಣೆಯ ಗೆಳತಿ ನೂರಜಹಾನ್, ಆಳಂದದವಳು, ನನ್ನದೇ ತರಗತಿ. ಅವಳ ಅಜ್ಜ ನಿಜಾಮರ ಕಾಲದಲ್ಲಿ ಕಚೇರಿಯ ಮುನ್ಷಿಯಾಗಿದ್ದವರು. ಹಳೆಯ ಉರ್ದು ಕಾಗದಗಳ ಅವಸರದ ಕೂಡುಬರಹವನ್ನು ಓದುವುದನ್ನು ಅವರು ಮೊಮ್ಮಗಳಿಗೆ ತೊಡೆಯ ಮೇಲೆ ಕೂರಿಸಿಕೊಂಡು ಕಲಿಸಿದ್ದರು.

ಎರಡನೆಯ ವರ್ಷದಲ್ಲಿ ಪ್ರತಿಯೊಬ್ಬರೂ ಒಂದು ಪ್ರಬಂಧ ಬರೆಯಬೇಕಿತ್ತು. ನಮ್ಮ ಮಾರ್ಗದರ್ಶಕರು ದೇಶಮುಖ ಸರ್. ದಸರೆ ರಜೆ ಮುಗಿದ ಮೇಲೆ ಒಂದು ದಿನ ಅವರು ವಿಷಯಗಳ ಪಟ್ಟಿಯನ್ನು ಓದಿದರು. ಬಾದಾಮಿ ಬಂತು, ಹಂಪಿ ಬಂತು, ಬಿಜಾಪುರ ಬಂತು, ಬೀದರ ಬಂತು. ಪಟ್ಟಿ ಮುಗಿಯಿತು. ನಾನು ಎದ್ದು ನಿಂತೆ.

"ಸರ್, ಇದರಾಗ ನಮ್ಮ ತಾಲೂಕಿಂದು ಒಂದೂ ಇಲ್ಲಲ್ರಿ. ಜೇವರ್ಗಿ ಇಲ್ಲ, ಅಫಜಲಪುರ ಇಲ್ಲ, ಆಳಂದ ಇಲ್ಲ."

ಹಿಂದಿನ ಬೆಂಚಿನಿಂದ ವಿಜಯ ಎಂಬ ಸಹಪಾಠಿ, "ನಿಮ್ಮ ಕಡೆ ಏನದ ಬೇ? ತೊಗರಿ, ಜೋಳ, ಧೂಳು!" ಎಂದ. ತರಗತಿ ಗೊಳ್ಳೆಂದು ನಕ್ಕಿತು. ನನ್ನ ಕಿವಿ ಬಿಸಿಯಾದವು. ನಮ್ಮ ಸೀಮೆಯ ಬಗ್ಗೆ ಯಾವ ಪುಸ್ತಕದಲ್ಲೂ ನಾಲ್ಕು ಸಾಲಿಗಿಂತ ಹೆಚ್ಚು ನಾನೇ ಓದಿರಲಿಲ್ಲ.

ದೇಶಮುಖ ಸರ್ ನಗಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅಲ್ಲಿ ಇತಿಹಾಸ ಇಲ್ಲಂತ ನಾ ಅನ್ನಂಗಿಲ್ಲ. ಹುಡುಕಿದವರು ಕಡಿಮಿ ಅದಾರ. ಆದ್ರ ಪ್ರಬಂಧ ಅಂದ್ರ ಆಧಾರ ಬೇಕು, ಶಾಂತಾ. ಇಲ್ಲಿತನಕ ಯಾರೂ ಅಚ್ಚು ಹಾಕಿಸದ ಒಂದು ಶಾಸನ ತಗೊಂಡು ಬಾ. ಎಳ್ಳಮಾಸಿತನಕ ಟೈಮ್ ಕೊಡ್ತೇನಿ. ಸಿಗಲಿಲ್ಲಂದ್ರ ಈ ಪಟ್ಟಿಯೊಳಗಿಂದ ಒಂದು ತಗೋಬೇಕು."

ನನ್ನ ಪಕ್ಕದಲ್ಲಿ ಬೆಂಚು ಕಿರುಗುಟ್ಟಿತು. ನೂರಜಹಾನ್ ಎದ್ದು ನಿಂತಿದ್ದಳು. "ಸರ್, ನಂದೂ ಅದರಾಗ ಬರಕೋರ್ರಿ. ಆಳಂದ, ಅಫಜಲಪುರ ಕಡೀ ಇನಾಮ ಕಾಗದ. ಆಕಿ ಕಲ್ಲು ಹುಡುಕ್ಲಿ, ನಾ ಕಾಗದ ಹುಡುಕ್ತೇನಿ."

ಹೀಗೆ ಸುರುವಾಯಿತು. ಎಳ್ಳು ಅಮಾವಾಸ್ಯೆಗೆ ಎರಡು ತಿಂಗಳ ಮೇಲಿತ್ತು. ಶನಿವಾರ ಮಧ್ಯಾಹ್ನ ತರಗತಿ ಮುಗಿದ ಕೂಡಲೇ ನಾವಿಬ್ಬರೂ ಕೆಂಪು ಬಸ್ಸು ಹತ್ತುತ್ತಿದ್ದೆವು. ಜೇವರ್ಗಿಯಲ್ಲಿ ನಮ್ಮ ಮನೆಯಲ್ಲಿ ಉಳಿದು ಯಡ್ರಾಮಿಯ ಕಡೆ ಒಂದು ವಾರ, ಆಳಂದದಲ್ಲಿ ಅವಳ ಮನೆಯಲ್ಲಿ ಉಳಿದು ಗಡಿಯ ಕಡೆ ಇನ್ನೊಂದು ವಾರ. ಬಸ್ಸು ಬಿಟ್ಟ ಕಡೆಯಿಂದ ಕಾಲುನಡಿಗೆ. ಎರೆ ನೆಲ ಮಳೆಗಾಲ ಮುಗಿದು ಬಿರುಕು ಬಿಡುವ ಹೊತ್ತು. ಚಪ್ಪಲಿಯ ಅಂಚು ಆ ಬಿರುಕಿನಲ್ಲಿ ಸಿಕ್ಕಿ ಎಷ್ಟು ಸಲ ಕಿತ್ತುಹೋಯಿತೋ. ಕಲ್ಲುಗಳೇನೋ ಸಿಕ್ಕವು. ಕುದುರೆಯ ಮೇಲೆ ಕೂತ ವೀರರು, ಕೈಯೆತ್ತಿ ನಿಂತ ಸತಿಯರು, ಒಂದೂ ಅಕ್ಷರವಿಲ್ಲ. ಅಕ್ಷರವಿದ್ದ ಎರಡು ಕಲ್ಲು ಸಿಕ್ಕವು; ಎರಡನ್ನೂ ಯಾರೋ ಹಿಂದೆಯೇ ಓದಿ ಅಚ್ಚು ಹಾಕಿಸಿದ್ದರು. ಹೋದಲ್ಲೆಲ್ಲ ಒಂದೇ ಪ್ರಶ್ನೆ: "ಬಂಗಾರ ಹುಡುಕಾಕ ಬಂದೀರೇನ್ರಿ?"

ನೂರಜಹಾನ್ ಅದಕ್ಕೊಂದು ಉತ್ತರ ಸಿದ್ಧ ಮಾಡಿಟ್ಟುಕೊಂಡಿದ್ದಳು. "ಹೌದ್ರಿ. ಸಿಕ್ಕರ ಅರ್ಧ ನಿಮಗ. ಮೊದಲ ಒಂದು ತಂಬಿಗಿ ನೀರು ಕೊಡ್ರಿ." ಜನ ನಕ್ಕು ನೀರಿನ ಜೊತೆ ರೊಟ್ಟಿಯನ್ನೂ ಕೊಡುತ್ತಿದ್ದರು.

ದೀಪಾವಳಿ ಮುಗಿಯಿತು. ಚಳಿ ಇಳಿಯಿತು. ಬಿಳಿಜೋಳ ಮೊಣಕಾಲು ದಾಟಿ ಸೊಂಟಕ್ಕೆ ಬಂತು. ನನ್ನ ಟಿಪ್ಪಣಿ ಪುಸ್ತಕದಲ್ಲಿ ಊರುಗಳ ಹೆಸರು ಉದ್ದಕ್ಕೆ ಬೆಳೆದವು, ಪ್ರತಿ ಹೆಸರಿನ ಮುಂದೆಯೂ ಒಂದು ಅಡ್ಡಗೆರೆ. ಬಾದಾಮಿಯನ್ನೇ ತೆಗೆದುಕೊಂಡರಾಯಿತು ಎಂದು ಒಳಗೊಳಗೇ ಸೋಲು ಒಪ್ಪಿಕೊಳ್ಳತೊಡಗಿದ್ದೆ.

ಅಂಥ ಒಂದು ಸೋಮವಾರ, ತರಗತಿಗೆ ರಜೆ ಇದ್ದ ದಿನ, ಅಫಜಲಪುರದ ಬಸ್ಸಿನಲ್ಲಿ ನನ್ನ ಪಕ್ಕ ಒಬ್ಬ ಬಳೆಗಾರ್ತಿ ಕೂತಿದ್ದಳು. ಮಡಿಲಲ್ಲಿ ಬಳೆಯ ಗಂಟು. ಎಲ್ಲ ಊರೂ ತಿರುಗುವವಳು ಎಂದು ಅವಳನ್ನೂ ಕೇಳಿದೆ.

"ಅಕ್ಷರದ ಕಲ್ಲು ಅಂದ್ರ ನಂಗೇನು ತಿಳೀತದವ್ವ? ನಾ ಸಾಲಿ ಕಲಿತಾಕಿ ಅಲ್ಲ," ಎಂದಳು. ಆಮೇಲೆ ತುಸು ಯೋಚಿಸಿ, "ಹೊಳಿಕಟ್ಟಿಯೊಳಗ ಎಣ್ಣೆವ್ವ ಅಂತ ಒಂದು ಕಲ್ಲೈತಿ ನೋಡು. ಮೈಮ್ಯಾಲ ಇರಿವಿ ಸಾಲು ಹೊಂಟಂಗ ಗೆರಿ ಕಾಣ್ತಾವ. ಅದೇನೋ ಏನಿಲ್ಲೋ," ಎಂದಳು.

ಇರುವೆಯ ಸಾಲು! ನಾನು ನೂರಜಹಾನಳ ಮುಖ ನೋಡಿದೆ. ಅವಳು ಆಗಲೇ ಚೀಲ ಹೆಗಲಿಗೇರಿಸುತ್ತಿದ್ದಳು.

ಹೊಳಿಕಟ್ಟಿ ಭೀಮಾ ನದಿಯ ದಂಡೆಯ ಸಣ್ಣ ಊರು. ಬಸ್ಸು ದೊಡ್ಡ ರಸ್ತೆಯಲ್ಲೇ ಇಳಿಸಿ ಹೋಗುತ್ತಿತ್ತು. ಊರಿಗೆ ಎರಡು ಮೈಲಿ ನಡೆಯಬೇಕು. ಊರ ಬಾಯಲ್ಲೇ, ಬೇವಿನ ಮರದ ಕೆಳಗೆ, ಆ ಕಲ್ಲು ನಿಂತಿತ್ತು. ನನ್ನ ಎದೆಯ ಮಟ್ಟಕ್ಕೆ ಬರುತ್ತಿತ್ತು. ಎಷ್ಟು ಕಾಲದ ಎಣ್ಣೆಯೋ, ಮೈಮೇಲೆ ಒಂದು ಬೆರಳು ದಪ್ಪ ಕರಿ ಜಿಡ್ಡು ಕಟ್ಟಿತ್ತು; ಅಂಚಿನಲ್ಲಷ್ಟೇ ಇರುವೆ ಸಾಲಿನಂಥ ಗೆರೆಗಳು ಮಸುಕಾಗಿ ಇಣುಕುತ್ತಿದ್ದವು. ಮುಂದೆ ಒಬ್ಬ ಮುದುಕಿ ನಿಂತು ತಾಮ್ರದ ಸಣ್ಣ ಪಾತ್ರೆಯಿಂದ ಕುಸುಬಿ ಎಣ್ಣೆಯನ್ನು ಕಲ್ಲಿನ ನೆತ್ತಿಯ ಮೇಲೆ ಸುರಿಯುತ್ತಿದ್ದಳು. ಎಪ್ಪತ್ತರ ಆಸುಪಾಸಿನ ಹೆಂಗಸು, ಹಣೆತುಂಬ ವಿಭೂತಿ. ಆಕೆಯ ಹೆಸರು ಸಿದ್ದವ್ವ. ಆ ಊರಿನ ಗಾಣಿಗರ ಮನೆಯ ಹಿರಿಯಳು. ಸುತ್ತಲ ಹಳ್ಳಿಗಳಲ್ಲಿ ಮಷೀನು ಬಂದು ಗಾಣಗಳೆಲ್ಲ ನಿಂತುಹೋಗಿದ್ದರೂ ಅವಳ ಹಿತ್ತಲಲ್ಲಿ ಒಂದು ಎತ್ತಿನ ಗಾಣ ಇನ್ನೂ ತಿರುಗುತ್ತಿತ್ತು.

ನಾನು ತಡೆಯಲಾರದೆ ಕಲ್ಲಿನ ಅಂಚಿನ ಜಿಡ್ಡನ್ನು ಉಗುರಿನಿಂದ ಕೆರೆದೆ. ಕೆಳಗೆ ಒಂದು ದುಂಡನೆಯ ಗೆರೆ ಕಂಡಿತು. ಇನ್ನಷ್ಟು ಕೆರೆದೆ. ಹಳೆಗನ್ನಡದ ಅಕ್ಷರ!

"ಏ ಹುಡುಗಿ! ಕೈ ತಗಿ!" ಸಿದ್ದವ್ವ ಗದರಿದಳು. "ದೇವ್ರ ಮೈ ಕೆರಿಯಾಕ ನೀ ಯಾರ ಬೇ?"

ಅಷ್ಟರಲ್ಲಿ ನಾಲ್ಕಾರು ಹೆಂಗಸರು ಸೇರಿದರು. ನಾನು ತಡವರಿಸುತ್ತ ಹೇಳಿದೆ: ಇದರ ಮೇಲೆ ಬರಹವಿದೆ, ನಿಮ್ಮ ಊರಿನ ಹಿರಿಯರು ಬರೆಸಿದ್ದು, ಎಂಟು ನೂರು, ಒಂಬತ್ತು ನೂರು ವರ್ಷದ ಹಿಂದಿನದಿರಬಹುದು, ತೊಳೆದರೆ ಓದಬಹುದು. ಯಾರೂ ಒಪ್ಪಲಿಲ್ಲ. ಊರಿನ ಮುಖ್ಯಸ್ಥರಾದ ಮಲ್ಲನಗೌಡರು ಗದ್ದಲ ಕೇಳಿ ಬಂದರು. ಮಾತು ಮೆತ್ತಗಿನ ಮನುಷ್ಯ. ಬೇವಿನ ಮರದ ಸುತ್ತ ನೆಲದಲ್ಲಿ ಹೊಡೆದಿದ್ದ ಗೂಟಗಳನ್ನು ತೋರಿಸಿದರು.

"ತಂಗೀ, ನೀವು ಓದಿ ಏನ್ ಮಾಡ್ತೀರಿ? ಇಲ್ಲಿ ರಸ್ತಾ ಅಗಲ ಆಗೂದೈತಿ. ಬಸ್ಸು ಊರೊಳಗ ಬಂದು ತಿರುಗಬೇಕಂದ್ರ ಈ ಕಲ್ಲು ಸರೀಬೇಕು. ಜೋಳದ ರಾಶಿ ಮುಗದ ಮ್ಯಾಲ ಹೊಳಿ ದಂಡಿಗೆ ಒಯ್ದು ಇಡ್ತೇವಿ."

"ಆಕಿ ಇಲ್ಲಿಂದ ಕದಲಂಗಿಲ್ಲ," ಎಂದಳು ಸಿದ್ದವ್ವ.

"ಸಿದ್ದವ್ವ, ಬಸರಿ ಹೆಣ್ಣುಮಕ್ಕಳು ಎರಡು ಮೈಲಿ ನಡೀತಾರ. ಬಸ್ಸು ಬ್ಯಾಡೇನು? ಜಾಗಾ ನಿಂದು ಅಂತ ಕಾಗದ ಇದ್ರ ತೋರ್ಸು, ನಾ ಸುಮ್ನಾಗ್ತೇನಿ."

ಗೌಡರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅದೇ ಕಷ್ಟವಾಗಿತ್ತು. ಅವರು ಹೋದ ಮೇಲೆ ಸಿದ್ದವ್ವ ಪಾತ್ರೆಯ ತಳದಲ್ಲಿ ಉಳಿದ ಎಣ್ಣೆಯನ್ನೂ ಕಲ್ಲಿಗೆ ಸುರಿದಳು. ಕೊನೆಗೆ ನನ್ನ ಕಡೆ ತಿರುಗಿದಳು.

"ಆಕಿ ಮೈಮ್ಯಾಲಿಂದು ಓದಿದ್ರ, ಆಕಿ ಯಾರಂತ ತಿಳೀತದೇನು?"

"ತಿಳೀತದ್ರಿ ಅವ್ವಾ."

"ನೀ ಮುಟ್ಟಬ್ಯಾಡ. ನಾವ ತೊಳೀತೇವಿ. ಎಳ್ಳಮಾಸಿ ಬಂತು, ಮನಿ ಸಾರಸ್ತೇವಿ, ಆಕಿಗೊಂದು ಜಳಕ ಹಾಕಿದ್ರ ತಪ್ಪೇನು? ಮುಂದಿನ ಐತವಾರ ಬಾ."

ಮುಂದಿನ ಭಾನುವಾರ ನಾವು ಹೋಗುವಷ್ಟರಲ್ಲಿ ಬೇವಿನ ಮರದ ಕೆಳಗೆ ಮೂರು ಹಂಡೆ ನೀರು ಕುದಿಯುತ್ತಿತ್ತು. ಅಂಟವಾಳ ಕಾಯಿ ನೆನೆಸಿ ನೊರೆ ಎಬ್ಬಿಸಿದ್ದರು. ಕಡಲೆ ಹಿಟ್ಟು ಬುಟ್ಟಿಯಲ್ಲಿತ್ತು. ಮದುಮಗಳಿಗೆ ನೀರು ಹಾಕುವಾಗ ಹಾಡುವ ಹಾಡನ್ನು ಹಾಡುತ್ತ ಹದಿನೈದು ಇಪ್ಪತ್ತು ಹೆಂಗಸರು ಆ ಕಲ್ಲನ್ನು ತಿಕ್ಕಿದರು. ಬಿಸಿನೀರು ಬಿದ್ದಾಗೊಮ್ಮೆ ಕರಿ ಜಿಡ್ಡು ಹಾಳೆ ಹಾಳೆಯಾಗಿ ಕಳಚಿ ಬೀಳುತ್ತಿತ್ತು. ಎಣ್ಣೆಯ ವಾಸನೆ ಊರೆಲ್ಲ ತುಂಬಿತು. ಮಧ್ಯಾಹ್ನದ ಹೊತ್ತಿಗೆ ಕಲ್ಲಿನ ನಿಜವಾದ ಬಣ್ಣ ಹೊರಬಂತು. ನೆತ್ತಿಯಲ್ಲಿ ಸೂರ್ಯ, ಚಂದ್ರ, ಆಕಳು, ಲಿಂಗ. ಅವುಗಳ ಕೆಳಗೆ ತಲೆಯಿಂದ ಕಾಲಿನವರೆಗೆ ಸಾಲು ಸಾಲು ಅಕ್ಷರ.

ಹಾಡು ತಾನಾಗಿ ನಿಂತಿತು. ಅಷ್ಟು ವರ್ಷ ಕೈಯಾರೆ ಎಣ್ಣೆ ಹಾಕಿದ ಹೆಂಗಸರು ಅದನ್ನು ಮೊದಲ ಸಲ ನೋಡುತ್ತಿದ್ದರು. ಸಿದ್ದವ್ವ ಮೆಲ್ಲಗೆ ಒಂದು ಅಕ್ಷರದ ಮೇಲೆ ಬೆರಳಾಡಿಸಿ, "ನಮ್ಮವ್ವ, ಇಷ್ಟೆಲ್ಲ ಮಾತು ಹೊಟ್ಟ್ಯಾಗ ಇಟಗೊಂಡು ಸುಮ್ನ ನಿಂತಿದ್ದೇನು?" ಎಂದಳು.

ಕಲ್ಲನ್ನು ಎರಡು ದಿನ ಬಿಸಿಲಿಗೆ ಬಿಟ್ಟು ಪಡಿಯಚ್ಚು ತೆಗೆಯಲು ಕೂತೆ. ಅದೊಂದು ಸೈರಣೆಯ ಕೆಲಸ. ದಪ್ಪ ಕಾಗದವನ್ನು ನೆನೆಸಿ ಕಲ್ಲಿಗೆ ಅಂಟಿಸಬೇಕು. ಗಟ್ಟಿ ಕೂದಲಿನ ಬ್ರಷ್ಷಿನಿಂದ ಬಡಿದು ಬಡಿದು ಅಕ್ಷರದ ತಗ್ಗಿನೊಳಗೆಲ್ಲ ಕಾಗದ ಇಳಿಯುವಂತೆ ಮಾಡಬೇಕು. ಆಮೇಲೆ ಬಟ್ಟೆಯ ಉಂಡೆಗೆ ಮಸಿ ಹಚ್ಚಿ ಮೇಲಿಂದ ಒತ್ತುತ್ತ ಬಂದರೆ ತಗ್ಗು ಬಿಳಿಯಾಗಿ ಉಳಿದು ಉಳಿದದ್ದೆಲ್ಲ ಕಪ್ಪಾಗುತ್ತದೆ. ಮೊದಲ ಕಾಗದ ಚಳಿಗಾಳಿಗೆ ಎದ್ದು ಹರಿದುಹೋಯಿತು. ಎರಡನೆಯದಕ್ಕೆ ಉಳಿದ ಎಣ್ಣೆ ಸೋರಿ ಮಸಿ ಹರಡಿತು. ನನ್ನ ಬಳಿ ಇದ್ದದ್ದು ಇನ್ನೊಂದೇ ಕಾಗದ. ಸಿದ್ದವ್ವನ ಸೊಸೆಯಂದಿರು ಗಾಳಿ ಬರುವ ಕಡೆಗೆ ಹೊದೆಯುವ ಕೌದಿ ಹಿಡಿದು ಗೋಡೆಯಂತೆ ನಿಂತರು. ನೂರಜಹಾನ್ ಕಾಗದದ ಮೂಲೆಗಳನ್ನು ಅದುಮಿ ಹಿಡಿದಳು. ಕೈ ಮರಗಟ್ಟುವವರೆಗೆ ಬಡಿದೆ. ಒಣಗಿದ ಮೇಲೆ ಕಾಗದ ಕಳಚಿದಾಗ ಕಪ್ಪು ಹಾಳೆಯ ಮೇಲೆ ಬಿಳಿ ಅಕ್ಷರಗಳು ಜೋಳದ ಅರಳಿನ ಹಾಗೆ ಹರಡಿಕೊಂಡಿದ್ದವು. ಹೆಂಗಸರು ಹೋ ಎಂದು ಕೂಗಿದರು.

ದೇಶಮುಖ ಸರ್ ತಮ್ಮ ಮೇಜಿನ ಮೇಲಿನ ಪುಸ್ತಕಗಳನ್ನೆಲ್ಲ ನೆಲಕ್ಕಿಳಿಸಿ ಆ ಹಾಳೆಯನ್ನು ಹಾಸಿಕೊಂಡರು. ಭೂತಗನ್ನಡಿ ಹಿಡಿದು ಒಂದು ಗಂಟೆ ಸಾಲು ಸಾಲಾಗಿ ಓದಿದರು. ಕೊನೆಗೆ ತಲೆಯೆತ್ತಿದರು.

"ಇದು ಯಾವ ಪುಸ್ತಕದಾಗೂ ಇಲ್ಲ. ಹೊಸಾದು. ಕಲ್ಯಾಣದ ಅರಸರ ಕಾಲದ್ದು." ನಾನು ಕುಣಿಯುವುದೊಂದು ಬಾಕಿ. ಆದರೆ ಅವರ ಬೆರಳು ನಡುವಿನ ಒಂದು ಸಾಲಿನ ಮೇಲೆ ನಿಂತಿತ್ತು. "ಇಲ್ಲಿ ನೋಡು. ಊರಿನ ಗಾಣಿಗರು ಕೂಡಿ ದಾನ ಮಾಡ್ಯಾರ, ಗಾಣಕ್ಕ ಇಷ್ಟು ಅಂತ. ಏನು ಕೊಟ್ರು ಅನ್ನೋ ಜಾಗಾದಾಗ ಕಲ್ಲಿನ ಚಕ್ಕಿ ಎದ್ದದ. ಕಡೀಕ ಒಂದು 'ಗೆ' ಉಳದದ ಅಷ್ಟ. ಅಳತಿನೂ ಇರಬಹುದು, ನಾಣ್ಯನೂ ಇರಬಹುದು. ದಾನ ಏನಂತ ಗೊತ್ತಿಲ್ಲದ ದಾನಶಾಸನ ಅಂದ್ರ ಹೊರಗಿನ ಪರೀಕ್ಷಕರು ಮೊದಲ ಅದನ್ನ ಕೇಳ್ತಾರ."

"ನನಗ ಅನ್ನಿಸಿದ್ದು ಬರೀಲೇನ್ರಿ ಸರ್?"

"ಊಹೆ ಬರೀಬ್ಯಾಡ. ಆಧಾರ ತಾ."

ಎಳ್ಳಮಾಸಿಯ ದಿನ ಸಿದ್ದವ್ವ ನಮ್ಮನ್ನು ಹಬ್ಬಕ್ಕೆ ಕರೆದಿದ್ದಳು. ಊರಿಗೆ ಊರೇ ಹೊಲದಲ್ಲಿತ್ತು. ಜೋಳ ಆಳೆತ್ತರ ನಿಂತು ತೆನೆ ಹಾಲುಗಟ್ಟಿತ್ತು. ಎಡೆಯ ಅಡುಗೆಯನ್ನು ಬೆಳೆಯ ನಡುವೆ ಎರಚಿ ಚರಗ ಚೆಲ್ಲಿ ಬಂದು, ಬನ್ನಿ ಮರದ ಕೆಳಗೆ ಸಾಲಾಗಿ ಕೂತು, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಹತ್ತಾರು ಕಾಳು ಸೊಪ್ಪು ಹಾಕಿ ಬೇಯಿಸಿದ ಭಜ್ಜಿ, ಕಡುಬು ತಿಂದೆವು. ನನಗೆ ಮಾತ್ರ ಗಂಟಲಲ್ಲಿ ಆ 'ಗೆ' ಸಿಕ್ಕಿಕೊಂಡಿತ್ತು.

ಊಟವಾದ ಮೇಲೆ ಸಿದ್ದವ್ವ ಸೆರಗಿನ ಗಂಟು ಬಿಚ್ಚಿ ನಾಲ್ಕು ಮಡಿಕೆಯ ಒಂದು ಕಾಗದ ತೆಗೆದಳು. "ಗೌಡ್ರು ಕಾಗದ ಕೇಳ್ಯಾರ. ನಮ್ಮತ್ತಿ ಸಾಯಾಗ ನನ್ನ ಕೈಯಾಗ ಕೊಟ್ಟಿದ್ಲು, ಟ್ರಂಕಿನಾಗಿತ್ತು. ತುರುಕ ಬರಹ ಐತಿ, ಈ ಊರಾಗ ಯಾರಿಗೂ ಓದಾಕ ಬರಂಗಿಲ್ಲ. ನೀ ಓದ್ತೀಯೇನವ್ವ?" ಎಂದು ನೂರಜಹಾನಳ ಮುಂದೆ ಹಿಡಿದಳು.

ನೂರಜಹಾನ್ ಕೈ ತೊಳೆದು ಒರೆಸಿಕೊಂಡು ಅದನ್ನು ಮಡಿಲಲ್ಲಿ ಬಿಡಿಸಿದಳು. ನಿಜಾಮರ ಕಾಲದ ಯಾವುದೋ ಅಧಿಕಾರಿಯ ಮುದ್ರೆಯಿತ್ತು. ಬೆರಳಿಟ್ಟು ಬಲದಿಂದ ಎಡಕ್ಕೆ ಓದುತ್ತ, ನಿಂತು ನಿಂತು ಕನ್ನಡದಲ್ಲಿ ಹೇಳುತ್ತ ಹೋದಳು.

"ಊರ ಬಾಯಾಗಿನ ಕಲ್ಲು, ಅದರ ಸುತ್ತ ಇಷ್ಟು ಜಾಗಾ ಗಾಣಿಗರ ಮನೆತನದ್ದು… ಮೊದಲಿಂದ ನಡಕೋತ ಬಂದಂಗ… ಸೋಮವಾರಕ್ಕೊಮ್ಮೆ ಕಲ್ಲಿಗೆ ಎಣ್ಣಿ ಹಾಕಬೇಕು… ಎಷ್ಟಂದ್ರ ಒಂದು… ಸೋಲ್… ಸೋಲಗಿ…" ಅವಳು ಹುಬ್ಬು ಗಂಟಿಕ್ಕಿದಳು. "ಇದೇನಿದು? ಇದು ಉರ್ದು ಶಬ್ದ ಅಲ್ಲ. ನಾ ಎಂದೂ ಕೇಳಿಲ್ಲ."

ಸಿದ್ದವ್ವ ಎಣ್ಣೆಯ ಬುಟ್ಟಿಯಿಂದ ಆ ತಾಮ್ರದ ಸಣ್ಣ ಪಾತ್ರೆಯನ್ನು ಎತ್ತಿ ತೋರಿಸಿದಳು. "ಇದ ನೋಡವ್ವ ಸೊಲಗಿ. ನಮ್ಮ ಅಳತಿ. ಸೋಮವಾರ ಗಾಣ ತಿರುವಿದ್ರ ಎಣ್ಣೆವ್ವಗ ಮೊದಲ ಒಂದು ಸೊಲಗಿ. ನಮ್ಮತ್ತಿ ಹಾಕ್ತಿದ್ಲು, ಅವರತ್ತಿ ಹಾಕ್ತಿದ್ಲು."

ನಾನು ಎದ್ದು ನಿಂತೆ. ಸಜ್ಜೆ ರೊಟ್ಟಿ ಮಡಿಲಿಂದ ಜಾರಿ ಮಣ್ಣಿಗೆ ಬಿತ್ತು. ಸೊಲಗಿ. ಹಳೆಗನ್ನಡದ ಸೊಲ್ಲಗೆ. ಗಾಣಕ್ಕೆ ಒಂದು ಸೊಲ್ಲಗೆ ಎಣ್ಣೆ! ಕಲ್ಲಿನ ಮೇಲೆ ಚಕ್ಕೆ ಎದ್ದುಹೋದ ಪದವನ್ನು ಈ ಹೆಂಗಸರು ಅತ್ತೆಯಿಂದ ಸೊಸೆಗೆ, ಸೊಸೆಯಿಂದ ಅವಳ ಸೊಸೆಗೆ, ಕೈಯಿಂದ ಕೈಗೆ ದಾಟಿಸಿಕೊಂಡು ಬಂದಿದ್ದರು. ಯಾಕೆ ಎಂದು ಯಾರಿಗೂ ತಿಳಿದಿರಲಿಲ್ಲ. ಆದರೂ ಬಿಟ್ಟಿರಲಿಲ್ಲ.

"ನೂರೀ, ನೂರೀ! ಅದ ಇದು! 'ಗೆ' ಸಿಕ್ತು!" ಎಂದು ನಾನು ಅವಳನ್ನು ಅಪ್ಪಿಕೊಂಡು ಜೋಳದ ನಡುವೆ ತಿರುಗಿದೆ. ಏನಾಯಿತೆಂದು ತಿಳಿಯದೆ ಸಿದ್ದವ್ವ, "ಹುಡುಗಿಗೆ ಬಿಸಲು ಬಡದೈತಿ, ಮಜ್ಜಿಗಿ ಕೊಡ್ರೇ" ಎಂದು ಸೊಸೆಯರನ್ನು ಕೂಗಿದಳು. ಅಳು ನಗು ಎರಡೂ ಒಟ್ಟಿಗೆ ಬಂದು ನಾನು ಮಜ್ಜಿಗೆಯನ್ನು ಕುಡಿಯಲಾರದೆ ಹೋದೆ.

ಮುಂದಿನ ಎರಡು ತಿಂಗಳು ಬರೆದೆವು. ಹಾಸ್ಟೆಲಿನ ಒಂದೇ ಮೇಜಿನ ಆಚೆ ಈಚೆ ಕೂತು, ಅವಳು ಇನಾಮ ಕಾಗದಗಳ ಬಗ್ಗೆ, ನಾನು ಶಾಸನದ ಬಗ್ಗೆ. ಹೊರಗೆ ಜೋಳ ಹಣ್ಣಾಗಿ ಕೊಯ್ಲಿಗೆ ಬಂತು, ರಾಶಿ ಮುಗಿಯಿತು, ಬಿಸಿಲು ಬಲಿಯಿತು.

ಮೌಖಿಕ ಪರೀಕ್ಷೆಗೆ ಮೈಸೂರಿನ ಕಡೆಯಿಂದ ಒಬ್ಬ ಹಿರಿಯ ಶಾಸನ ತಜ್ಞರು ಬಂದಿದ್ದರು. ತೆಳ್ಳಗೆ ಉದ್ದಕ್ಕಿದ್ದ ಅವರನ್ನು ಕಂಡರೆ ಅಧ್ಯಾಪಕರೂ ದನಿ ತಗ್ಗಿಸುತ್ತಿದ್ದರು. ಬಾಗಿಲ ಹೊರಗೆ ಇಡೀ ತರಗತಿ ಕಿವಿಗೊಟ್ಟು ನಿಂತಿತ್ತು. ಅವರು ನೇರವಾಗಿ ಆ ಪುಟವನ್ನೇ ತೆರೆದರು.

"ಕಲ್ಲಿನಲ್ಲಿ ಅಕ್ಷರವೇ ಇಲ್ಲದ ಕಡೆ ನೀವು ಸೊಲ್ಲಗೆ ಎಂದು ಓದಿದ್ದೀರಿ. ಯಾವ ಧೈರ್ಯದ ಮೇಲೆ?"

ನಾನು ಕುರ್ಚಿಯ ಅಂಚು ಹಿಡಿದುಕೊಂಡೆ. "ಮೂರು ಆಧಾರದ ಮೇಲೆ ಸರ್. ಉಳಿದಿರುವ ಕೊನೆಯ ಅಕ್ಷರ ಮತ್ತು ಗಾಣಕ್ಕೆ ಎಂಬ ಮಾತು ಮೊದಲನೆಯದು. ನನ್ನ ಗೆಳತಿ ಓದಿದ ನಿಜಾಮರ ಕಾಲದ ಕಾಗದದಲ್ಲಿ ಉರ್ದು ಲಿಪಿಯಲ್ಲಿ ಬರೆದ ಅದೇ ಕನ್ನಡ ಪದ ಎರಡನೆಯದು. ಅದೇ ಅಳತೆಯಿಂದ ಅದೇ ಕಲ್ಲಿಗೆ ಇವತ್ತಿಗೂ ಎಣ್ಣೆ ಹಾಕುವ ಗಾಣಿಗರ ಹೆಂಗಸರು ಮೂರನೆಯದು."

"ಓದುಬರಹ ಇಲ್ಲದ ಹೆಂಗಸರು ಮಾಡಿಕೊಂಡು ಬಂದದ್ದು ಶಾಸನಕ್ಕೆ ಆಧಾರವಾಗುತ್ತದೆಯೇ?"

ನಾನು ಕುರ್ಚಿಯ ಅಂಚು ಬಿಟ್ಟೆ. ಬಿಸಿನೀರಿನ ಹಂಡೆಗಳು, ಕೌದಿ ಹಿಡಿದು ನಿಂತ ಸೊಸೆಯಂದಿರು, ಎಲ್ಲ ಕಣ್ಣ ಮುಂದೆ ಬಂದವು. ನನಗರಿವಿಲ್ಲದೆ ನಮ್ಮ ಮಾತೇ ಬಾಯಿಗೆ ಬಂತು.

"ಸರ್, ಕಲ್ಲು ಮರತದ. ಅವರು ಮರತಿಲ್ರಿ. ಸೂರ್ಯ ಚಂದ್ರ ಇರೂತನಕ ನಡೀಲಿ ಅಂತ ಶಾಸನದಾಗ ಕೇಳಕೊಂಡಾರ. ನಡಸ್ಯಾರ್ರಿ. ಅವರಿಗಿಂತ ದೊಡ್ಡ ಆಧಾರ ನಾ ಎಲ್ಲಿಂದ ತರ್ಲಿ?"

ದೇಶಮುಖ ಸರ್ ಕಿಟಕಿಯ ಕಡೆ ನೋಡುತ್ತಿದ್ದರು. ಆ ಹಿರಿಯರು ಪಡಿಯಚ್ಚನ್ನು ಮತ್ತೊಮ್ಮೆ ಕಣ್ಣ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಪ್ರಬಂಧವನ್ನು ಮುಚ್ಚಿ ಅದರ ಮೇಲೆ ಎರಡೂ ಕೈ ಇಟ್ಟರು.

"ನಾನು ಮೂವತ್ತು ವರ್ಷ ಶಾಸನ ಓದಿದ್ದೇನಮ್ಮ. ನನ್ನ ಓದಿನಲ್ಲೂ ಇಂಥ ಖಾಲಿ ಜಾಗಗಳು ಎಷ್ಟೋ ಇವೆ. ಚುಕ್ಕಿ ಇಟ್ಟು ಮುಂದೆ ಹೋಗಿದ್ದೇನೆ. ಆ ಊರುಗಳಿಗೆ ಮತ್ತೊಮ್ಮೆ ಹೋಗಿ ಹೆಂಗಸರನ್ನು ಕೇಳಬೇಕು ಅನ್ನಿಸುತ್ತಿದೆ. ನಿಮ್ಮ ಓದನ್ನು ಒಪ್ಪಿದ್ದೇನೆ."

ಹೊರಗೆ ಬಂದಾಗ ನನ್ನ ಕಾಲು ನೆಲದ ಮೇಲಿರಲಿಲ್ಲ. ವಿಜಯ ಗುಂಪಿನಿಂದ ಮುಂದೆ ಬಂದು ತಲೆ ಕೆರೆದುಕೊಂಡ. "ಶಾಂತಾ, ಅಂದು ನಾ ಅಂದಿದ್ದು ಮನಸಿನ್ಯಾಗ ಇಟಗೋಬ್ಯಾಡ." ನಾನು, "ಇಟಗೊಂಡೇನಿ. ಅದಕ್ಕ ಇಷ್ಟಾತು," ಎಂದೆ. ಇಬ್ಬರೂ ನಕ್ಕೆವು. ನಮ್ಮಿಬ್ಬರ ಪ್ರಬಂಧಗಳಿಗೂ ಆ ವರ್ಷದ ಮೊದಲ ಎರಡು ಸ್ಥಾನ ಬಂದವು. ಸುದ್ದಿ ಕೇಳಿ ಅಪ್ಪ ಅಂಗಡಿ ಮುಚ್ಚಿ ಇಡೀ ಓಣಿಗೆ ಪೇಢೆ ಹಂಚಿದರು. ಆಳಂದದಲ್ಲಿ ನೂರಜಹಾನಳ ಅಜ್ಜ ಅವಳ ಪ್ರಬಂಧವನ್ನು ಮೊದಲ ಪುಟದಿಂದ ಕೊನೆಯವರೆಗೆ ಓದಿಸಿ ಕೇಳಿ ಎರಡು ತಪ್ಪು ತಿದ್ದಿದರಂತೆ.

ಯುಗಾದಿಯ ಮುಂದಿನ ವಾರ ದೇಶಮುಖ ಸರ್ ತಾವಾಗಿ ಹೇಳಿದರು: "ನಡೀರಿ, ಆ ಊರಿನವರಿಗೆ ಓದಿ ತೋರ್ಸೂಣು." ಬೆಳಿಗ್ಗೆ ಹೋದೆವು. ಬೇವಿನ ಮರದ ಕೆಳಗೆ ಊರು ನೆರೆದಿತ್ತು. ಮಲ್ಲನಗೌಡರು ಮುಂದೆ ಕೂತಿದ್ದರು. ಮೊದಲು ನಾನು ಕಲ್ಲನ್ನು ಓದಿದೆ, ಪ್ರತಿ ಸಾಲಿಗೂ ಈಗಿನ ಮಾತಿನಲ್ಲಿ ಅರ್ಥ ಹೇಳಿದೆ. ದಾನ ಮಾಡಿದ ಗಾಣಿಗರ ಹೆಸರುಗಳು ಬಂದವು. ಅವುಗಳಲ್ಲಿ ಒಂದು ಹೆಣ್ಣಿನ ಹೆಸರೂ ಇತ್ತು. ಅದನ್ನು ಹೇಳಿದಾಗ ಹೆಂಗಸರ ಕಡೆಯಿಂದ ಗುಜುಗುಜು ಎದ್ದಿತು. "ಮತ್ತೊಮ್ಮೆ ಓದು," ಎಂದಳು ಸಿದ್ದವ್ವ. ಓದಿದೆ. "ಮತ್ತೊಮ್ಮೆ." ಮೂರನೆಯ ಸಲ ಓದುವಾಗ ಅವಳೂ ಆ ಹೆಸರನ್ನು ನನ್ನ ಜೊತೆ ಹೇಳಿದಳು.

ಆಮೇಲೆ ನೂರಜಹಾನ್ ಕಾಗದ ಓದಿದಳು. ಕಲ್ಲಿನ ಸುತ್ತಲ ಜಾಗ ಗಾಣಿಗರದು ಎಂಬಲ್ಲಿಗೆ ಬಂದಾಗ ಎಲ್ಲರೂ ಗೌಡರ ಕಡೆ ನೋಡಿದರು. ಅವರು ಎದ್ದು, ತಲೆಯ ಪಟಕ ಸರಿಮಾಡಿಕೊಂಡು, ರಸ್ತೆಯ ಆಚೆ ಬದಿಗಿದ್ದ ತಮ್ಮ ಕಣದ ಕಡೆ ಕೈ ತೋರಿಸಿದರು.

"ರಾಶಿ ಮುಗದೈತಿ. ನನ್ನ ಕಣದ ಈ ಮೂಲಿ ಬಿಡ್ತೇನಿ. ಬಸ್ಸು ಅಲ್ಲಿ ತಿರುಗ್ಲಿ. ಎಣ್ಣೆವ್ವ ಇಲ್ಲೇ ಇರ್ಲಿ."

ಸಿದ್ದವ್ವ ಸೀದಾ ಹೋಗಿ ಬಗ್ಗಿ ಮೊದಲ ಗೂಟವನ್ನು ಎರಡೂ ಕೈಯಿಂದ ಅಲುಗಾಡಿಸಿ ಕಿತ್ತಳು. ಅವಳ ಸೊಸೆಯಂದಿರು ಉಳಿದವನ್ನು ಕಿತ್ತರು. ಚಪ್ಪಾಳೆ, ಸಿಳ್ಳೆ, ನಗು.

ನಾವು ಹೊರಡಲು ಎದ್ದಾಗ ಒಬ್ಬ ರೈತ ಹಿಂದಿನಿಂದ ಕೂಗಿದ: "ಸರ್ರ, ನನ್ನ ಹೊಲದ ಬದುವಿನ್ಯಾಗೂ ಒಂದು ಕಲ್ಲೈತ್ರಿ, ಗೆರಿ ಗೆರಿ ಅದಾವ." ಇನ್ನೊಬ್ಬಳು, "ನಮ್ಮ ತವರ್ಯಾಗ ಬಾವಿ ಮೆಟ್ಟಲಕ್ಕೊಂದು ಹಾಕ್ಯಾರ" ಎಂದಳು. ಮತ್ತೊಬ್ಬರು ಟ್ರಂಕಿನಲ್ಲಿದ್ದ ಉರ್ದು 'ಹಾಳೆಗೋಳು' ತರಲೆಂದು ಮನೆಗೆ ಓಡಿದರು. ನಾಲ್ಕು ಕಡೆಯಿಂದ ಮಾತು ಬಂದವು. ಈ ಊರು, ಆ ಊರು, ಜೇವರ್ಗಿ ಕಡೆಯ ಬೀಗರ ಊರು, ಆಳಂದ ಕಡೆಯ ಅಕ್ಕನ ಊರು. ದೇಶಮುಖ ಸರ್ ನನ್ನ ಕಡೆ ತಿರುಗಿ, "ಬರಕೋ, ಬರಕೋ, ಒಂದೂ ಬಿಡಬ್ಯಾಡ" ಎಂದರು. ನಾನು ಟಿಪ್ಪಣಿ ಪುಸ್ತಕದ ಹೊಸ ಪುಟ ತೆರೆದೆ. ನೂರಜಹಾನ್ ಆಗಲೇ ಚೀಲ ಹೆಗಲಿಗೇರಿಸಿ, ಆ ರೈತನ ಹಿಂದೆ ಕೊಯ್ದ ಜೋಳದ ಕೂಳೆಗಳ ನಡುವೆ ದಾರಿ ಹಿಡಿದಿದ್ದಳು. ಅವಳ ಹಿಂದೆ ನಾನು, ನನ್ನ ಹಿಂದೆ ಸರ್, ಅವರ ಹಿಂದೆ ಅರ್ಧ ಊರು.